ಮಧುಕೇಶ್ವರನ ಹೊಸ ರೇಡಿಯೇಟರ್

ಮಧುಕೇಶ್ವರನ ಕಾರಿಗೆ ನೆಗಡಿಯಾಗಿದೆ ಎಂದು ಮೊದಲು ಕಂಡುಹಿಡಿದವಳು ಅವನ ತಾಯಿ ಪಾರ್ವತವ್ವ. ಕಾರಿನ ಮುಂದಿನ ಜಾಲರಿಯ ಕೆಳಗೆ ನೀರು ತೊಟ್ಟಿಕ್ಕಿ ಅಂಗಳದಲ್ಲಿ ಅಂಗೈಯಗಲ ಕೆಸರಾಗಿತ್ತು. "ಅದರ ಮೂಗು ಒರಸೋ ಮಧು, ಮಂದಿ ನೋಡಿದರ ಏನಂದಾರು" ಎಂದು ಅವಳು ಕಾಳಜಿಯಿಂದಲೇ ಹೇಳಿದಳು. ಶಿವರಾತ್ರಿಯ ಹೊತ್ತಿಗೆ ಆ ಅಂಗೈಯಗಲದ ಕೆಸರು ಎಮ್ಮೆಯೊಂದು ಸುಖವಾಗಿ ಮಲಗುವಷ್ಟಾಯಿತು. ಹತ್ತಿರದ ಎಕ್ಕಂಬಿ ಊರಿಗೆ ಹೋಗಿ ಬರಬೇಕೆಂದರೂ ಸೀಮೆಎಣ್ಣೆಯ ದೊಡ್ಡ ಡಬ್ಬಿಯಲ್ಲಿ ನೀರು ತುಂಬಿಕೊಂಡೇ ಹೊರಡಬೇಕು. ದಾರಿಯಲ್ಲಿ ಕಾರು ಅಷ್ಟನ್ನೂ ಕುಡಿದು ಇನ್ನೂ ಬೇಕೆಂದು ಬುಸುಗುಡುತ್ತಿತ್ತು.

ಯುದ್ಧಕ್ಕೆ ಮೊದಲಿನ ಇಂಗ್ಲಿಷ್ ಕಾರು ಅದು. ಊರು ಬಿಟ್ಟು ಹೊರಟ ನಿವೃತ್ತ ಸಾಹೇಬರೊಬ್ಬರಿಂದ ಮಧುಕೇಶ್ವರನ ಕೈಗೆ ಬಂದಿತ್ತು. ಹ್ಯಾಂಡಲ್ ಹಾಕಿ ತಿರುವಿದರೆ ಮೊದಲು ಕೆಮ್ಮಿ, ಆಮೇಲೆ ಬೈದು, ಕೊನೆಗೆ ಮನಸ್ಸು ಬಂದರೆ ಹೊರಡುತ್ತಿತ್ತು. ಶಿರಸಿ ಪೇಟೆಯಲ್ಲಿ ಶಾಲೆಯ ಪುಸ್ತಕಗಳ ಅಂಗಡಿ ಇಟ್ಟುಕೊಂಡವನಿಗೆ ಕಾರು ಯಾಕೆ ಎಂದು ಕೇಳದವರು ಊರಲ್ಲಿ ಉಳಿದಿರಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವನು ಷಡ್ಡಕ ಪರಮೇಶ್ವರಪ್ಪ, ಅಂದರೆ ಹೆಂಡತಿ ಗುರುಶಾಂತವ್ವನ ಅಕ್ಕನ ಗಂಡ. ಹಾನಗಲ್ಲಿನ ಕಡೆ ಕಬ್ಬು ಬೆಳೆಯುವ ಆಸಾಮಿ. ಶಿವರಾತ್ರಿಗೂ ಮೊದಲು, ಸಂಕ್ರಾಂತಿಗೆ ಬನವಾಸಿಯ ಮಾವನ ಮನೆಯಲ್ಲಿ ಎಲ್ಲರೂ ಎಳ್ಳು ಬೆಲ್ಲ ತಿನ್ನುತ್ತ ಕುಳಿತಾಗ ಅವನು ಶುರು ಮಾಡಿದ.

"ತಮ್ಮಾ, ಆ ಕಾರಿನ ಇಂಜಿನ್ ನನ್ನ ಕಬ್ಬಿನ ಗಾಣಕ್ಕ ಕೊಟ್ಟಬಿಡು. ನನ್ನ ಎತ್ತಿಗೂ ವಿಶ್ರಾಂತಿ, ಅದನ್ನ ದೂಡಿ ದೂಡಿ ಸಣ್ಣಾದ ನಿನಗೂ ವಿಶ್ರಾಂತಿ."

ಇಡೀ ಪಡಸಾಲೆ ನಕ್ಕಿತು. ಮಾವನವರೂ ನಕ್ಕು, ಕೆಮ್ಮಿನಂತೆ ತೋರಿಸಿಕೊಂಡರು. ಮಧುಕೇಶ್ವರನಿಗೆ ಕಿವಿ ಬಿಸಿಯಾಯಿತು.

"ಕಲ್ಲವ್ವನ ನಿಶ್ಚಯಕ್ಕ ಅದೇ ಕಾರಿನಾಗ ಬರ್ತೀನ್ರಿ ಅಣ್ಣಾರ. ದೀಪ ಹಚ್ಚೂದರೊಳಗ ಈ ಬಾಗಿಲ ಮುಂದ ತಂದು ನಿಲ್ಲಸ್ತೀನಿ. ನಿಲ್ಲಸಲಿಲ್ಲಂದ್ರ ನೀವ ಅದನ್ನ ಗಾಣಕ್ಕ ಕಟ್ಟಿಕೊಂಡು ಹೋಗ್ರಿ."

ಮಾತು ಬಾಯಿಂದ ಹೊರಬಿದ್ದಾಗ ಗುರುಶಾಂತವ್ವ ಬಾಗಿಲ ಮರೆಯಲ್ಲಿ ಕಣ್ಣು ಮುಚ್ಚಿಕೊಂಡಳು. ಗಂಡನ ಮಾತುಗಳು ಎಲ್ಲಿ ಹೋಗಿ ನಿಲ್ಲುತ್ತವೆ ಎಂಬುದು ಅವನಿಗಿಂತ ಅವಳಿಗೆ ಮೊದಲೇ ಕಾಣುತ್ತಿತ್ತು.

ಕಲ್ಲವ್ವ ಗುರುಶಾಂತವ್ವನ ಕೊನೆಯ ತಂಗಿ. ಅವಳ ನಿಶ್ಚಯದ ದಿನ ಬಂದೇಬಿಟ್ಟಿತು. ಹುಬ್ಬಳ್ಳಿಯಿಂದ ತರಿಸಿದ ಹೊಸ ರೇಡಿಯೇಟರ್ ಹಿಂದಿನ ಸಂಜೆಯಷ್ಟೇ ಬಸ್ಸಿನ ತಲೆಯ ಮೇಲೆ ಕೂತು ಬಂದಿತ್ತು. ಮೊಳೆ ಹೊಡೆದ ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಹುಲ್ಲಿನ ನಡುವೆ. ಆದರೆ ಅದನ್ನು ಜೋಡಿಸಬೇಕಾಗಿದ್ದ ಮಿಸ್ತ್ರಿ ದೇವಿಮನೆ ಘಟ್ಟದಲ್ಲಿ ಅಡ್ಡ ಬಿದ್ದ ಲಾರಿಯೊಂದನ್ನು ಎಬ್ಬಿಸಲು ಹೋದವನು ಬಂದಿರಲಿಲ್ಲ.

"ಹಂಗಾರ ಬಸ್ಸಿಗೆ ಹೋಗೂಣು," ಎಂದಳು ಗುರುಶಾಂತವ್ವ. ಅದರಲ್ಲಿ ಸಿಟ್ಟಿರಲಿಲ್ಲ, ಪ್ರಾರ್ಥನೆಯಿತ್ತು.

"ಬಸ್ಸಿಗೆ ಹೋದರ ಕಾರು ಗಾಣಕ್ಕ ಹೋಗತೈತಿ," ಎಂದ ಮಧುಕೇಶ್ವರ. "ನಾನ ಜೋಡಸ್ತೀನಿ. ಪುಸ್ತಕ ಐತಿ."

ಪುಸ್ತಕ ಇದ್ದದ್ದು ನಿಜ. ಹೇಗೋ ಅಂಗಡಿಗೆ ಬಂದು, ಯಾರೂ ಕೊಳ್ಳದೆ, ಮೂಲೆಯಲ್ಲಿ ಗೆದ್ದಲಿಗೂ ರುಚಿಸದೆ ಉಳಿದ ಕಾರು ರಿಪೇರಿಯ ಇಂಗ್ಲಿಷ್ ಪುಸ್ತಕ. ದಿನವೂ ಪುಸ್ತಕ ಮಾರುವವನು ಪುಸ್ತಕವನ್ನೇ ನಂಬದಿದ್ದರೆ ಹೇಗೆ? ಕಳಚುವ ವಿಧಾನವನ್ನು ಅದರಲ್ಲಿ ಚಿತ್ರ ಸಹಿತ ವಿಸ್ತಾರವಾಗಿ ಬರೆದಿತ್ತು. ಜೋಡಿಸುವ ವಿಧಾನಕ್ಕೆ ಒಂದೇ ವಾಕ್ಯ: ಕಳಚಿದ್ದನ್ನು ಕೊನೆಯಿಂದ ಮೊದಲಿಗೆ ಅದೇ ಕ್ರಮದಲ್ಲಿ ಮರಳಿ ಕೂಡಿಸುವುದು. ಆ ವಾಕ್ಯ ಮಧುಕೇಶ್ವರನಿಗೆ ಬಹಳ ಹಿಡಿಸಿತು. ಅರ್ಧ ಕೆಲಸವನ್ನು ಪುಸ್ತಕವೇ ಮಾಡಿಕೊಟ್ಟ ಹಾಗಿತ್ತು.

ಅವನು ಹೊಸ ಬಿಳಿ ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ ಅಂಗಳಕ್ಕೆ ಇಳಿದಾಗ ಬಾವಿಕಟ್ಟೆಯ ಹತ್ತಿರ ಅತ್ತೆ ಸೊಸೆಯ ನಡುವೆ ಬೇರೆಯೇ ಚರ್ಚೆ ನಡೆದಿತ್ತು. ಕಲ್ಲವ್ವನಿಗೆ ಉಡುಗೊರೆಯಾಗಿ ಕೊಡಲು ಪಾರ್ವತವ್ವ ಅಟ್ಟದಿಂದ ಒಂದು ತಾಮ್ರದ ಕೊಡ ಇಳಿಸಿದ್ದಳು. ಅದರ ಹೊಟ್ಟೆ ಒಂದು ಕಡೆ ತಗ್ಗಾಗಿತ್ತು. ಯಾರೋ ಅದಕ್ಕೆ ಗುದ್ದಿ ನ್ಯಾಯ ಕೇಳಿದಂತೆ.

"ಅತ್ತೀ, ನಮ್ಮಕ್ಕ ಹೊಸಾ ಹಂಡೇವು ಕೊಡಾಕತ್ತಾಳಂತ. ನಾವು ಈ ನೆಗ್ಗಿದ ಕೊಡ ಕೊಟ್ಟರ..."

"ನೆಗ್ಗಿದ್ದು ಗ್ವಾಡಿ ಕಡೆ ತಿರುಗಿಸಿ ಇಟ್ಟರಾತು," ಎಂದಳು ಪಾರ್ವತವ್ವ ಸೆರಗು ಸಿಕ್ಕಿಸುತ್ತ. ಅವಳ ಮುಂದೆ ಬೋಗುಣಿ ತುಂಬ ನೆನೆಸಿದ ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. "ಹುಣಸಿಹಣ್ಣು ಹಚ್ಚಿ ತಿಕ್ಕಿದರ ಯಾವ ಸಾಮಾನೂ ಹಳೇದಲ್ಲ. ನೀ ಹೋಗಿ ಹೋಳಗಿ ನೋಡು, ಸೀದೀತು."

ಗುರುಶಾಂತವ್ವ ಒಳಗೆ ಹೋದಳು. ಹೋಗುವಾಗ ಒಮ್ಮೆ ಕೊಡದ ಕಡೆ, ಒಮ್ಮೆ ಗಂಡನ ಬಿಳಿ ಪಂಚೆಯ ಕಡೆ ನೋಡಿದಳು. ಎರಡರ ಬಗ್ಗೆಯೂ ಅವಳಿಗೆ ಒಂದೇ ಬಗೆಯ ಆತಂಕ.

ಪುಸ್ತಕದ ಪ್ರಕಾರ ಮೊದಲು ರೇಡಿಯೇಟರಿನ ತಳದ ನಲ್ಲಿ ತಿರುಗಿಸಿ ನೀರು ಬಿಡಬೇಕು. ನಲ್ಲಿ ತಿರುಗಲಿಲ್ಲ. ತಿರುಗುವುದು ಹೇಗೆ? ಹಿಂದಿನ ವಾರ ಎದುರು ಮನೆಯ ವೆಂಕಟ್ರಮಣ ಹೆಗಡೆಯವರು ಸೋರಿಕೆ ನಿಲ್ಲಿಸುತ್ತೇನೆಂದು ತಾವೇ ಬಂದು ಅಲ್ಲೆಲ್ಲ ಹಲಸಿನ ಮೇಣ ಮೆತ್ತಿದ್ದರು. ಸೋರುವ ಕೊಡ, ಸೋರುವ ದೋಣಿ ಯಾವುದಕ್ಕೂ ಅದೇ ಮದ್ದು ಎಂದಿದ್ದರು. ಸೋರಿಕೆ ಮಾತ್ರ ಮೇಣವನ್ನು ಸುತ್ತಿ ಹಾದು ಇನ್ನೊಂದು ಕಡೆಯಿಂದ ಬಂತು. ಮೇಣ ಹಾಗೇ ಉಳಿಯಿತು.

ಮಧುಕೇಶ್ವರ ಬೆರಳಿನಿಂದ ಮೇಣ ಕೀಳಲು ಹೋದ. ಮೇಣ ನಲ್ಲಿಯನ್ನು ಬಿಡಲಿಲ್ಲ, ಬೆರಳನ್ನೂ ಹಿಡಿದುಕೊಂಡಿತು. ಅದನ್ನು ಬಿಡಿಸಲು ಹೋದ ಎಡಗೈಯನ್ನೂ ಹಿಡಿದುಕೊಂಡಿತು. ಅವನು ಕಾರಿನ ಮುಂದೆ ಕೈಮುಗಿದು ಮಂಡಿಯೂರಿದ ಭಂಗಿಯಲ್ಲಿರುವಾಗಲೇ ಹೆಗಡೆಯವರು ಬೇಲಿಯ ತಡಮೆ ದಾಟಿ ಬಂದರು. ಕೋರ್ಟಿನಲ್ಲಿ ನಾಜರರಾಗಿ ನಿವೃತ್ತರಾದವರು. ಯಾವುದನ್ನು ಕಂಡರೂ ಮೊದಲು ವಿಚಾರಣೆ ನಡೆಸುವ ಅಭ್ಯಾಸ.

"ಎಂತದು ಮಾರಾಯ್ರೇ, ಬೆಳಿಗ್ಗೆ ಬೆಳಿಗ್ಗೆ ಕಾರಿಗೆ ಪೂಜೆಯಾ?"

"ನಿಮ್ಮ ಮೇಣ ಬಿಡವಲ್ತು ಹೆಗಡೇರ."

"ಹಾಂ! ನೋಡಿದ್ರಾ, ಮೇಣ ಅಂದ್ರೆ ಹೀಗಿರಬೇಕು," ಎಂದು ಹೆಗಡೆಯವರ ಮುಖ ಅರಳಿತು. ಬೇಲಿಯ ಕಡೆ ತಿರುಗಿ ಕೂಗಿದರು. "ಏ ದೇವಕೀ, ಒಂಚೂರು ಕೊಬ್ಬರಿ ಎಣ್ಣೆ ತಗಂಡು ಬಾರೇ!"

"ಆನು ದ್ವಾಸೆ ಎರೀತಾ ಇದ್ದೆ, ಈಗ ಬಪ್ಪಲೆ ಆಗ್ತಿಲ್ಲೆ!" ಎಂದು ಆಚೆಯಿಂದ ಉತ್ತರ ಬಂತು. "ಹೋದ ವಾರವೇ ಹೇಳಿದ್ದೆ, ಕಂಡವರ ಕಾರಿಗೆ ಎಂತಕ್ಕೆ ಮೇಣ ಹಚ್ತ್ರಿ ಹೇಳಿ!"

ಅಷ್ಟರಲ್ಲಿ ಪಕ್ಕದ ಮನೆಯ ಶಾಂತಾರಾಮನೂ ಹಲ್ಲುಜ್ಜುತ್ತ ಬಂದ. ಅವನು ಬಸ್ ಕಂಪನಿಯ ಬುಕಿಂಗ್ ಏಜೆಂಟ. ಟಿಕೆಟ್ ಹರಿಯುವುದನ್ನು ಬಿಟ್ಟು ಬಸ್ಸಿನ ಯಾವ ಭಾಗವನ್ನೂ ಮುಟ್ಟಿದವನಲ್ಲ. ಆದರೂ ದಿನವೂ ಇಂಜಿನ್ನಿನ ಸದ್ದು ಕೇಳುವುದರಿಂದ ಅದು ತನ್ನ ಕೈಕೂಸು ಎಂಬ ಭಾವ.

"ಅರೆ ಬಾಬಾ, ನಲ್ಲಿ ಗೊಡವೆ ಯಾಕೆ? ಕೆಳಗಿನ ರಬ್ಬರ್ ನಳಿಗೆ ಎಳೀರಿ. ನಮ್ಮ ಗ್ಯಾರೇಜಿನಲ್ಲಿ ಹಾಗೇ."

ಮಧುಕೇಶ್ವರ ಪುಸ್ತಕದ ಕಡೆ ನೋಡಿದ. ಅದು ಗಾಳಿಗೆ ತಾನೇ ಮಗುಚಿ ಬ್ರೇಕಿನ ಅಧ್ಯಾಯಕ್ಕೆ ಹೋಗಿತ್ತು. ಗುರುಶಾಂತವ್ವ ತಂದುಕೊಟ್ಟ ಎಣ್ಣೆ ಸವರಿ ಕೈ ಬಿಡಿಸಿಕೊಂಡು, ಕಾರಿನ ಕೆಳಗೆ ಅಂಗಾತ ಮಲಗಿ, ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ನಳಿಗೆ ಮೊದಲು ಗೊಣಗಿತು, ಆಮೇಲೆ ಹರಿಯಿತು. ಕಾರಿನ ಹೊಟ್ಟೆಯಲ್ಲಿ ವರ್ಷಗಟ್ಟಲೆ ತುಕ್ಕು ನೆನೆದ ಕೆಂಪು ನೀರೆಲ್ಲ ಅವನ ಮುಖ, ಎದೆ ಮತ್ತು ಬಿಳಿ ಪಂಚೆಯ ಮೇಲೆ ಅಭಿಷೇಕವಾಯಿತು.

"ನೀರು ಬಂತಲ್ಲ!" ಎಂದ ಶಾಂತಾರಾಮ ಸಂತೋಷದಿಂದ.

ಬೋಲ್ಟುಗಳದ್ದು ಇನ್ನೊಂದು ಕತೆ. ಹೆಗಡೆಯವರು ಎಡಕ್ಕೆ ತಿರುಗಿಸಿ ಎಂದರೆ ಶಾಂತಾರಾಮ ಬಲಕ್ಕೆ ಎನ್ನುವನು. ಇಬ್ಬರೂ ಕಾರಿನ ಎದುರಿಗೆ ನಿಂತಿದ್ದರಿಂದ ಇಬ್ಬರ ಎಡಬಲವೂ ಕೆಳಗೆ ಮಲಗಿದವನಿಗೆ ಉಲ್ಟಾ. ಕೊನೆಯ ಬೋಲ್ಟು ಬಿಟ್ಟಾಗ ರೇಡಿಯೇಟರ್ ಯಾವ ಮುನ್ಸೂಚನೆಯನ್ನೂ ಕೊಡದೆ ಕಳಚಿ ಅವನ ಎದೆಯ ಮೇಲೆ ಕೂತಿತು. ಮಸಿ, ಗ್ರೀಸು, ಮೇಣ, ಸತ್ತ ಪತಂಗಗಳಿಂದ ತುಂಬಿದ ಆ ಕರಿಯ ವಸ್ತುವನ್ನು ಅವನು ಮಗುವಿನಂತೆ ಅಪ್ಪಿಕೊಂಡು ತೆವಳಿ ಹೊರಬಂದು ಜಗಲಿಯ ಮೇಲೆ ಮಲಗಿಸಿದ.

ಬೀದಿಯಲ್ಲಿ ಯಾರೋ ಕೂಗುತ್ತ ಹೋದರು: "ಹಳೇ ತಾಮ್ರಾ, ಹಿತ್ತಾಳೀ! ಹಳೇದು ಕೊಟ್ಟು ಹೊಸಾದು ತಗೊಳ್ರೀ!"

"ಈಗ ಹೊಸ ನಳಿಗೆ ಬೇಕಲ್ಲ," ಎಂದರು ಹೆಗಡೆಯವರು, ಹರಿದ ರಬ್ಬರನ್ನು ಸಾಕ್ಷಿಯ ವಸ್ತುವಿನಂತೆ ಎತ್ತಿ ಹಿಡಿದು. "ಅದನ್ನು ಎಳೀಲಿಕ್ಕೆ ಹೇಳಿದ್ದು ಯಾರು?"

"ಗ್ಯಾರೇಜಿನಲ್ಲಿ ಸಿಗ್ತದೆ, ನಡೀರಿ," ಎಂದು ಶಾಂತಾರಾಮ ಅವಸರದಿಂದ ಮಧುಕೇಶ್ವರನ ಕೈಹಿಡಿದ. ಹೆಗಡೆಯವರಿಗೆ ದೋಸೆಯ ನೆನಪಾಗಿ ಅವರು ಮನೆಗೆ ಹೋದರು.

ಹೊರಡುವಾಗ ಮಧುಕೇಶ್ವರ ಬಾವಿಕಟ್ಟೆಯ ಕಡೆ ಕೂಗಿ ಹೇಳಿದ: "ಯವ್ವಾ, ಆ ಪೆಟಗಿ ಮೊಳಿ ಕಿತ್ತು ಬಿಚ್ಚಿಡಬೇ. ಬಂದ ಕೂಡಲೇ ಜೋಡಸ್ತೀನಿ."

ಪೇಟೆಯ ದಾರಿ ಅವನಿಗೆ ಅಷ್ಟು ಉದ್ದ ಎಂದೂ ಅನಿಸಿರಲಿಲ್ಲ. ಮುಖದ ಮೇಲೆ ತುಕ್ಕಿನ ಕೆಂಪು, ಅದರ ಮೇಲೆ ಮಸಿಯ ಗೆರೆಗಳು, ಮೇಣಕ್ಕೆ ಅಂಟಿದ ಒಂದೆರಡು ಕೋಳಿಪುಕ್ಕ. ಹೋಳಿ ಹುಣ್ಣಿಮೆ ಹತ್ತಿರ ಬಂದಿತ್ತು; ಶಿರಸಿಯಲ್ಲಿ ಮುಖಕ್ಕೆ ಬಣ್ಣ ಬಳಿದು, ಪುಕ್ಕ ಕಟ್ಟಿ, ರಾತ್ರಿಯೆಲ್ಲ ಬೇಡರ ವೇಷ ಕುಣಿಯುವ ಕಾಲ. ಹೈಸ್ಕೂಲಿನ ಹೆಡ್‌ಮಾಸ್ತರರು ಎದುರಾಗಿ, ಕನ್ನಡಕ ಸರಿಪಡಿಸಿಕೊಂಡು, ಬಹಳ ಹೊತ್ತು ನೋಡಿ ಕೈಕುಲುಕಿದರು.

"ಈ ವರ್ಷ ಬೇಡರ ವೇಷ ನಿಮ್ಮದೋ! ಬಹಳ ಸಂತೋಷ. ಬಣ್ಣ ಚೆನ್ನಾಗಿ ಕೂತಿದೆ. ಆದರೆ ಹಗಲಿಗೇ ಹೊರಟಿರಲ್ಲ?"

"ರೇಡಿಯೇಟರ್ ಸರ್."

"ಹೌದೌದು," ಎಂದರು ಹೆಡ್‌ಮಾಸ್ತರರು ಏನೂ ಅರ್ಥವಾಗದೆ. ಆಮೇಲೆ ಕೈ ನೋಡಿಕೊಂಡರು. ಆಮೇಲೆ ಅದನ್ನು ಎಲ್ಲಿ ಒರೆಸಬೇಕೆಂದು ಅತ್ತಿತ್ತ ನೋಡಿದರು. ಮಧುಕೇಶ್ವರ ತಿರುಗಿ ನೋಡುವಾಗ ಅವರು ಇನ್ನೂ ಕೈಯನ್ನು ದೂರ ಹಿಡಿದುಕೊಂಡೇ ನಿಂತಿದ್ದರು. ಆ ವರ್ಷ ಹೈಸ್ಕೂಲಿನವರು ಪುಸ್ತಕ ಬೇರೆ ಅಂಗಡಿಯಲ್ಲಿ ಕೊಂಡರೆ ಅದಕ್ಕೂ ಈ ನಳಿಗೆಯೇ ಕಾರಣ ಎಂದು ಅವನಿಗೆ ಆಗಲೇ ಅನಿಸಿತು.

ಗ್ಯಾರೇಜಿನಲ್ಲಿ ನಳಿಗೆ ಇತ್ತು. ಅದನ್ನಿಟ್ಟ ಕಪಾಟಿನ ಕೀಲಿ ಊಟಕ್ಕೆ ಹೋಗಿತ್ತು. ಕೀಲಿ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಯಲ್ಲಾಪುರದ ಬಸ್ಸು ಹೊರಡಿಸಿ ಬರುವವರೆಗೆ ಮಧುಕೇಶ್ವರ ಒಂದು ಹಳೆಯ ಟಯರಿನ ಮೇಲೆ ಕುಳಿತಿದ್ದ. ಬಿಸಿಲು ಇಳಿಯುವುದನ್ನು ನೋಡುತ್ತಿದ್ದ. ಕಣ್ಣು ಮುಚ್ಚಿದರೆ ಅವನ ಕಾರು ಕಬ್ಬಿನ ಸಿಪ್ಪೆಯ ನಡುವೆ, ಚಕ್ರವಿಲ್ಲದೆ, ಬೆಲ್ಲದ ನೊಣಗಳ ಗುಂಪಿನಲ್ಲಿ ಕುಳಿತಂತೆ ಕಾಣುತ್ತಿತ್ತು.

ನಳಿಗೆ ಹಿಡಿದು ಇಬ್ಬರೂ ಓಡುತ್ತ ಬಂದರು. ಅಂಗಳದ ತುಂಬ ಪೆಟ್ಟಿಗೆಯ ಹುಲ್ಲು ಚೆಲ್ಲಿತ್ತು. ಜಗಲಿಯ ಕಡೆ ನೋಡಿದ ಮಧುಕೇಶ್ವರ ಅಲ್ಲೇ ನಿಂತುಬಿಟ್ಟ.

ಇಳಿಬಿಸಿಲಿನಲ್ಲಿ ಹೊಳೆಯುತ್ತ ಕುಳಿತಿತ್ತು ರೇಡಿಯೇಟರ್. ಮೇಲಿನ ಹಿತ್ತಾಳೆಯ ತೊಟ್ಟಿ ಗುಡಿಯ ಗಂಟೆಯ ಹಾಗೆ. ನಡುವಿನ ತಾಮ್ರದ ಜಾಳಿಗೆ ಮದುವೆಮನೆಯ ಹಂಡೆಯ ಹಾಗೆ. ಕಂಬದ ಮೂಲೆಯಲ್ಲಿ, ಗೋಣಿಚೀಲದ ಅಡಿಯಿಂದ ಆ ಇನ್ನೊಂದರ ಕರಿಯ ಮೂಲೆ ಚೂರು ಕಾಣುತ್ತಿತ್ತು. ಮಧುಕೇಶ್ವರನಿಗೆ ಅದರ ಕಡೆ ನೋಡಲೂ ಮನಸ್ಸಾಗಲಿಲ್ಲ.

"ಅಬಬಬ, ಹುಬ್ಬಳ್ಳಿಯವರ ಕೆಲಸ ಅಂದ್ರೆ ಕೆಲಸ," ಎಂದ ಶಾಂತಾರಾಮ.

"ಯವ್ವಾ!" ಮಧುಕೇಶ್ವರ ರೇಡಿಯೇಟರಿನ ಮೈ ಸವರಿದ. "ನೋಡಿದೇನು? ಇಂಥಾದ್ದು ಇಡೀ ಶಿರಸಿಯೊಳಗ ಯಾರ ಕಡೆನೂ ಇಲ್ಲ!"

ಪಾರ್ವತವ್ವ ನಾಚಿಕೊಂಡು ಸೆರಗಿನಿಂದ ಕೈ ಒರೆಸಿಕೊಂಡಳು. "ಅಷ್ಟೇನಿಲ್ಲ ಬಿಡಪಾ."

ಅವನು ಕಾರಿನ ಕೆಳಗೆ ಹೊಕ್ಕ. ಕಳಚಿದ್ದನ್ನು ಕೊನೆಯಿಂದ ಮೊದಲಿಗೆ ಅದೇ ಕ್ರಮದಲ್ಲಿ ಮರಳಿ ಕೂಡಿಸುವುದು. ಆಶ್ಚರ್ಯವೆಂದರೆ ಎಲ್ಲವೂ ಕೂಡುತ್ತಿತ್ತು. ಬೋಲ್ಟುಗಳು ಹಳೆಯ ಪರಿಚಯದವರಂತೆ ತಮ್ಮ ತಮ್ಮ ತೂತಿಗೆ ತಾವೇ ಹೋಗಿ ಕುಳಿತವು. ಹೆಗಡೆಯವರು ಮಧ್ಯಾಹ್ನದ ನಿದ್ದೆ ಮುಗಿಸಿ ಬಂದು ಎಡಕ್ಕೆ ಎಂದರು, ಅವನು ಬಲಕ್ಕೆ ತಿರುಗಿಸಿದ, ಸರಿಹೋಯಿತು.

ಜಗಲಿಯಿಂದ ಪಾರ್ವತವ್ವನ ದನಿ ಕೇಳಿತು. "ಮಧೂ, ಈ ಕರೇದು ಏನ್ ಮಾಡೂದು? ಬೇಕೇನಿದು?"

"ಬ್ಯಾಡಬೇ! ನನ್ನ ಕಣ್ಣಿಗೆ ಕಾಣದಂಗ ಮಾಡು ಅದನ್ನ!"

ಸ್ವಲ್ಪ ಹೊತ್ತಿಗೆ ಬೀದಿಯ ಕಡೆಯಿಂದ ಸುತ್ತಿಗೆಯ ಸದ್ದು ಬರತೊಡಗಿತು. ಠಣ್, ಠಣ್, ಠಣ್. ಯಾರದೋ ಮನೆಯಲ್ಲಿ ಏನೋ ಕೆಲಸ ನಡೆದಿರಬೇಕು ಎಂದುಕೊಂಡ ಮಧುಕೇಶ್ವರ. ಎಂಥ ಚಂದದ ಲಯ! ಅವನು ಅದೇ ತಾಳಕ್ಕೆ ಗುನುಗುತ್ತ, ಒಂದೊಂದು ಠಣ್ಣಿಗೆ ಒಂದೊಂದು ಸುತ್ತು ಬೋಲ್ಟು ಬಿಗಿದ. ಸದ್ದು ನಿಲ್ಲುವುದಕ್ಕೂ ಕೊನೆಯ ಬೋಲ್ಟು ಕೂರುವುದಕ್ಕೂ ಸರಿಹೋಯಿತು.

ನೀರು ತುಂಬಿಸಿದರು. ಮೂವರೂ ಬಗ್ಗಿ ನೋಡಿದರು. ಒಂದು ಹನಿ ಮೂಡಿತು. ಹೆದರಿದಂತೆ ತುಸು ನಿಂತು ಬಿತ್ತು. ಇನ್ನೊಂದು ಮೂಡಿತು.

"ಅದು ಸೋರಿಕೆ ಅಲ್ಲ," ಎಂದರು ಹೆಗಡೆಯವರು. "ಹೊಸ ಮಡಕೆ ಮೊದಲ ದಿನ ಬೆವರೂದಿಲ್ಲವಾ? ಹಾಗೆ. ಬೇಕಾದ್ರೆ ಮೇಣ..."

"ಬ್ಯಾಡ!" ಎಂದ ಮಧುಕೇಶ್ವರ.

ಹ್ಯಾಂಡಲ್ ತಿರುವಿದ. ಕಾರು ಕೆಮ್ಮಿತು, ಬೈಯಿತು, ಹೊರಟಿತು. ಮಧುಕೇಶ್ವರ ಬಾವಿಕಟ್ಟೆಗೆ ಓಡಿ ಮೈ ತೊಳೆದು, ಮದುವೆಯ ಕೋಟು ಹಾಕಿ ಬರುವಷ್ಟರಲ್ಲಿ ಅತ್ತೆ ಸೊಸೆ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ನಡುವೆ ಹೋಳಿಗೆಯ ಡಬ್ಬಿ. ಪಾರ್ವತವ್ವನ ತೊಡೆಯ ಮೇಲೆ ಹಳೆಯ ಸೀರೆಯಲ್ಲಿ ಕಟ್ಟಿದ ಉಡುಗೊರೆಯ ದುಂಡನೆಯ ಗಂಟು.

"ನೀರಿನ ಡಬ್ಬಿ?" ಎಂದು ಗುರುಶಾಂತವ್ವ ಮೆಲ್ಲಗೆ ಕೇಳಿದಳು.

"ಇನ್ನ್ಯಾಕ ಡಬ್ಬಿ? ಹೊಸಾ ರೇಡಿಯೇಟರಿಗೆ ಅವಮಾನ," ಎಂದು ಅವನು ಆ ಡಬ್ಬಿಯನ್ನು ಕಾಲಿನಿಂದ ಬೇಲಿಯ ಕಡೆಗೆ ಸರಿಸಿದ. ಗುರುಶಾಂತವ್ವ ಡಬ್ಬಿ ಕಣ್ಮರೆಯಾಗುವವರೆಗೂ ಅದನ್ನೇ ನೋಡುತ್ತಿದ್ದಳು.

ಶಿರಸಿ ದಾಟಿದ ಮೇಲೆ ಮಧುಕೇಶ್ವರ ಹಾಡಿದ. ಬನವಾಸಿಯ ಬಸ್ಸು ಹಿಂದಿನಿಂದ ಬಂದಾಗ ದಾರಿ ಬಿಡದೆ ಸ್ವಲ್ಪ ದೂರ ಸತಾಯಿಸಿದ. "ಅಣ್ಣಾರ ಮುಖ ನೋಡಬೇಕು ಇವತ್ತು," ಎಂದ. "ಪುಸ್ತಕ ಓದಿದವನ ಕೈ ಹೆಂಗಿರತೈತಿ ಅಂತ ಗೊತ್ತಾಗಲಿ." ಗುರುಶಾಂತವ್ವ ಮುಂದಕ್ಕೆ ಬಾಗಿ ನೋಡಿದಳು. ಜಾಲರಿಯ ಮೇಲೆ ಏನೋ ತೆಳ್ಳಗೆ ಬೆಳ್ಳಗೆ ಏಳುತ್ತಿರುವುದು ಅವಳಿಗೆ ಆಗಲೇ ಕಂಡಿತ್ತು. ದಾರಿಯ ಧೂಳಿರಬಹುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಗುಡ್ನಾಪುರದ ಕೆರೆ ಕಾಣುವಷ್ಟರಲ್ಲಿ ಅದು ಧೂಳಲ್ಲ ಎಂದು ಎಲ್ಲರಿಗೂ ತಿಳಿಯಿತು. ಕಾರು ಅನ್ನ ಬಸಿಯುವ ತಪ್ಪಲೆಯ ಹಾಗೆ ಹಬೆಯಾಡಿ, ಉದ್ದನೆಯ ನಿಟ್ಟುಸಿರು ಬಿಟ್ಟು ನಿಂತಿತು. ಸತಾಯಿಸಿಕೊಂಡಿದ್ದ ಬಸ್ಸು ಸಂತೋಷದಿಂದ ಹಾರ್ನು ಹೊಡೆಯುತ್ತ ಪಕ್ಕದಲ್ಲೇ ಹಾದುಹೋಯಿತು.

ಸೂರ್ಯ ಕೆರೆಯ ಆಚೆ ಇಳಿಯುತ್ತಿದ್ದ. ದೀಪ ಹಚ್ಚಲು ಹೆಚ್ಚು ಹೊತ್ತಿರಲಿಲ್ಲ.

"ನೀರು! ಏನಾರ ಒಂದು ಪಾತ್ರಿ ಕೊಡ್ರಿ!"

ಹೋಳಿಗೆಯ ಡಬ್ಬಿಯ ತಳದಲ್ಲಿ ಗಾಳಿಗೆ ತೂತು ಕೊರೆಸಿತ್ತು. ಉಳಿದದ್ದು ಒಂದೇ. ಪಾರ್ವತವ್ವ ಗಂಟನ್ನು ಎದೆಗೆ ಅವುಚಿಕೊಂಡಳು. "ಉಡುಗೊರಿ ಸಾಮಾನೋ ಇದು! ನಾವ ಮೊದಲ ಬಳಸಿದರ..."

"ಯವ್ವಾ, ಕಾರು ಗಾಣಕ್ಕ ಹೋಗತೈತಿ!"

ಅವಳು ಒಲ್ಲದ ಮನಸ್ಸಿನಿಂದ ಗಂಟು ಬಿಚ್ಚಿದಳು. ಮಧುಕೇಶ್ವರ ಕೊಡ ಕಸಿದುಕೊಂಡು ಕೆರೆಗೆ ಓಡಿದ, ತುಂಬಿಕೊಂಡು ಏದುಸಿರು ಬಿಡುತ್ತ ಬಂದ, ಹಬೆ ತಣಿಯಲು ಬಿಟ್ಟು ಮುಚ್ಚಳ ತೆಗೆದು ಸುರಿಯತೊಡಗಿದ. ಸುರಿಯುತ್ತ ಸುರಿಯುತ್ತ ಅವನ ಕೈ ಕೊಡದ ಹೊಟ್ಟೆಯನ್ನು ತಡವಿತು. ತಗ್ಗು ಸಿಗಲಿಲ್ಲ. ಇನ್ನೊಂದು ಕಡೆ ತಡವಿದ. ಅಲ್ಲೂ ಇರಲಿಲ್ಲ. ಹೊಚ್ಚ ಹೊಸ ಕೊಡ. ಮುಖ ಕಾಣುವ ಹಾಗಿತ್ತು.

"ಇದು ನೆಗ್ಗಿದ ಕೊಡ ಅಲ್ಲಲ್ಲ?"

"ಅಲ್ಲಪಾ. ಹಳೇ ತಾಮ್ರದವ ಬಂದಿದ್ದನಲ್ಲ, ಅವನ ಕಡೆ ಬದಲಿ ತಗೊಂಡೆ," ಎಂದಳು ಪಾರ್ವತವ್ವ. ಸೊಸೆಯ ಕಡೆ ಗೆಲುವಿನ ನೋಟ ಬೀರಿದಳು. "ನೆಗ್ಗಿದ ಕೊಡಾನೂ ಉಳೀತು, ಹೊಸಾದೂ ಬಂತು. ನಿನ್ನ ಕಾರಿನ ಸಾಮಾನು ಕೊಟ್ಟೆ. ರೇಡಿಯಾಟ."

"ಹಳೇ ರೇಡಿಯೇಟರ್ ಕೊಟ್ಟೆ? ಛಲೋ ಮಾಡಿದಿ."

"ಹಳೇದ್ಯಾಕ ಕೊಡಲಿ? ಹಳೇದು ನೀ ಗಾಡಿಗೆ ಹಚ್ಚೀಯಲ್ಲ. ಪೆಟಗ್ಯಾಗಿಂದು ಕೊಟ್ಟೆ."

ಕೊಡದಿಂದ ನೀರು ಬೀಳುವುದು ನಿಂತಿತು.

"ಪೆಟಗ್ಯಾಗಿಂದು... ಹೊಳೀತಿತ್ತಲ್ಲಬೇ!"

"ಅದೆಲ್ಲಿ ಹೊಳೀತಿತ್ತು? ಹುಬ್ಬಳ್ಳ್ಯಾವರು ಮೈ ತುಂಬ ಕರೇ ಬಣ್ಣ ಬಡದು ಕಳಿಸಿದ್ದರು, ಕಾವಲಿ ಹಂಗ. ಹೊಳೀತಿದ್ದದ್ದು ನಾ ತಿಕ್ಕಿದ್ದು! ಜಗಲಿ ಮ್ಯಾಲೆ ಅಷ್ಟು ಹೊಲಸು ಇಟಗೊಂಡು ಹೆಂಗ ಸುಮ್ಮನ ಕೂಡೂದು? ಒಂದು ಬೋಗುಣಿ ಹುಣಸಿಹಣ್ಣು ಆತು. ಆ ಹೆಗಡೇರ ಮೇಣ ಬಿಡಸಾಕ ಕೊಬ್ಬರಿ ಎಣ್ಣಿ ಎಷ್ಟು ಹಿಡೀತು ಕೇಳು." ಪಾರ್ವತವ್ವನ ದನಿಯಲ್ಲಿ ಈಗ ಸ್ವಲ್ಪ ನೋವೂ ಸೇರಿತು. "ನೀನ ಬಂದು ಅಂದಿ, ಇಂಥಾದ್ದು ಇಡೀ ಶಿರಸಿಯೊಳಗ ಇಲ್ಲ ಅಂತ. ಮಗಾ ಒಮ್ಮೆರ ನನ್ನ ಕೆಲಸ ಮೆಚ್ಚಿಕೊಂಡ ಅಂತ ಸಂತೋಷ ಆತು. ಹಂಗಾರ ಕರೇದು ಬೇಕೇನು ಅಂತ ಕೇಳಿದರ, ಕಣ್ಣಿಗೆ ಕಾಣದಂಗ ಮಾಡು ಅಂದಿ."

"ಆ ಸುತ್ತಿಗಿ ಸಪ್ಪಳ..."

"ಅವನದ. ಇಡೀದು ಚೀಲದಾಗ ಹೋಗಲಿಲ್ಲ. ಬಾಗಲ ಮುಂದ ಕೂತು ಬಡದು ಚಪ್ಪಟಿ ಮಾಡಿ ತುಂಬಿದ. ಬಾಳ ಸಜ್ಜನ ಮನಶ್ಯಾ. 'ಅವ್ವಾರ, ಇದು ಬಳಸೇ ಇಲ್ಲದಂಗ ಐತಲ್ರಿ' ಅಂದ. ನಮ್ಮ ಮನ್ಯಾಗ ಎಲ್ಲಾ ಸಾಮಾನೂ ಹಂಗ ಜ್ವಾಪಾನ ಇಡತೀವಪಾ ಅಂದೆ."

ಮಧುಕೇಶ್ವರ ಕಾರಿನ ಮುಂದೆ ನಿಂತೇ ಇದ್ದ. ಆ ತಾಳ ಅವನ ತಲೆಯಲ್ಲಿ ಮತ್ತೆ ಶುರುವಾಗಿತ್ತು. ಠಣ್, ಠಣ್, ಠಣ್. ಪುಸ್ತಕದಲ್ಲಿ ಬರೆದದ್ದನ್ನು ಅವನಷ್ಟು ನಿಷ್ಠೆಯಿಂದ ಪಾಲಿಸಿದವನು ಇನ್ನೊಬ್ಬನಿರಲಾರ. ಕಳಚಿದ್ದನ್ನೇ ಮರಳಿ ಕೂಡಿಸಿದ್ದ.

ಗುರುಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೆರೆಯ ಕಡೆ ಮುಖ ತಿರುಗಿಸಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಕೊನೆಗೆ ಅವಳೇ ಕಾರಿನಿಂದ ಇಳಿದು, ಕೊಡವನ್ನು ಅವನ ಕೈಯಿಂದ ತೆಗೆದುಕೊಂಡು ನೀರಿಗೆ ನಡೆದಳು.

ಉಳಿದ ದಾರಿಯನ್ನು ಅವರು ಹಾಗೆಯೇ ಮುಗಿಸಿದರು. ತುಂಬಿದ ಕೊಡ ಪಾರ್ವತವ್ವನ ತೊಡೆಯ ಮೇಲೆ. ಮೋರಿಗೊಮ್ಮೆ, ಹಳ್ಳಕ್ಕೊಮ್ಮೆ ಕಾರಿಗೆ ನೀರು. ಬನವಾಸಿಯ ಮಾವನ ಮನೆಯ ಬಾಗಿಲಲ್ಲಿ ಪರಮೇಶ್ವರಪ್ಪ ಕೈ ಹಿಂದೆ ಕಟ್ಟಿ ನಿಂತಿದ್ದ. ಕಾರನ್ನು ಕಟ್ಟಿಕೊಂಡು ಹೋಗಲು ಹಗ್ಗವನ್ನೂ ತಂದಿದ್ದನೆಂದು ಆಮೇಲೆ ತಿಳಿಯಿತು. ಒಳಗೆ ಬತ್ತಿಗೆ ಎಣ್ಣೆ ಹಾಕುತ್ತಿದ್ದರು. ಅಷ್ಟರಲ್ಲಿ ಹಬೆಯ ಮೋಡದೊಳಗಿಂದ ಕಾರು ಮೂಡಿ ಬಂದು ಬಾಗಿಲ ಮುಂದೆ ನಿಂತಿತು.

ಪರಮೇಶ್ವರಪ್ಪ ಹಬೆಯನ್ನು ಕೈಯಿಂದ ಸರಿಸುತ್ತ ಹತ್ತಿರ ಬಂದ. ಆಮೇಲೆ ಮಧುಕೇಶ್ವರನ ಬೆನ್ನು ತಟ್ಟಿದ. "ಸೋತೆ ತಮ್ಮಾ. ಕಾರು ನಿಂದ. ಇನ್ನ ನಾ ಅದರ ಸುದ್ದಿಗೆ ಬರಂಗಿಲ್ಲ."

ಆ ಮಾತಿಗಾಗಿ ಸಂಕ್ರಾಂತಿಯಿಂದ ಕಾದಿದ್ದ ಮಧುಕೇಶ್ವರ ಒಂದು ನಗೆಯನ್ನೂ ಹೊರಡಿಸಲಿಲ್ಲ.

ಒಳಗೆ ಕಲ್ಲವ್ವನಿಗೆ ಉಡಿ ತುಂಬಿ, ಉಡುಗೊರೆಗಳನ್ನು ಸಾಲಾಗಿ ಇಟ್ಟರು. ಅಕ್ಕನ ಹಂಡೆಯನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಕೊಡದ ಮೇಲೆ.

"ಎಂಥಾ ಕೊಡ ಅಂತೀನಿ! ಪಾರ್ವತವ್ವಾರ, ಇದಕ್ಕ ಏನು ಕೊಟ್ಟರಿ?"

"ಏನೂ ಇಲ್ಲಬೇ," ಎಂದಳು ಪಾರ್ವತವ್ವ. "ಮನ್ಯಾಗ ಒಂದು ಬ್ಯಾಡಾದ ಸಾಮಾನು ಬಿದ್ದಿತ್ತು. ನನ್ನ ಮಗಾನ ಕೊಡು ಅಂದ."

ಗುರುಶಾಂತವ್ವ ಕೊಡದ ಪಕ್ಕದಲ್ಲಿ ತಲೆ ಎತ್ತಿ ಕುಳಿತಿದ್ದಳು. ಆ ದಿನ ಬೆಳಗಿನಿಂದ ಅವಳ ಮುಖದಲ್ಲಿ ಮೊದಲ ಸಲ ಆತಂಕವಿರಲಿಲ್ಲ.

ಹೊರಗೆ ಕತ್ತಲಲ್ಲಿ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ತಪ್, ತಪ್, ತಪ್. ಮಧುಕೇಶ್ವರ ಎದ್ದು ಹೋಗಿ ಷಡ್ಡಕನ ಪಕ್ಕದಲ್ಲಿ ಕುಳಿತ. ಒಂದು ಎಲೆ ಮಡಚಿ ಕೊಟ್ಟ. ಗಂಟಲು ಸರಿಪಡಿಸಿಕೊಂಡ.

"ಅಣ್ಣಾರ, ನಿಮ್ಮ ಗಾಣದ ಹತ್ರ ಬಾವಿ ಐತೇನ್ರಿ?"